ಕೆಳಬೀದಿಯ ಕಬ್ಬಿಣದ ಬಳೆಗಳು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಅಕ್ಕ,

ಕೆಳಬೀದಿಯ ಮನೆ ಕೊಳ್ಳುವ ಮೊದಲು, ನಾವು ಎರಡು ವರ್ಷದ ಹಿಂದೆ ಬಂದು ನೆಲೆಸಿದ ಈ ಊರು ಎಂಥದು ತಿಳಿಸು ಎಂದು ನೀನು ಕೇಳಿದ್ದೀಯ. ನಿಮ್ಮಕ್ಕನಿಗೆ ಚೆನ್ನಾಗಿ ಬರೆ ಎಂದು ನಮ್ಮವರೂ ಎರಡು ಸಲ ಹೇಳಿದರು. ಅವರು ಯಾವ ಮಾತನ್ನೂ ಎರಡು ಸಲ ಹೇಳುವವರಲ್ಲ.

ಊರು ಸರೋವರದ ಪಶ್ಚಿಮ ದಡದಲ್ಲಿದೆ. ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಮೂರು ಬೀದಿ. ಜನಸಂಖ್ಯೆ ನಾಲ್ಕು ಸಾವಿರ ಎಂದು ಬಸ್ ನಿಲ್ದಾಣದ ಫಲಕ ಹೇಳುತ್ತದೆ. ಹಳೆಯ ಕುಟುಂಬಗಳೆಲ್ಲ ಮೇಲಿನ ಎರಡು ಬೀದಿಗಳಲ್ಲಿವೆ. ಕೆಳಬೀದಿಗೆ ತಂಗಾಳಿಯಿದೆ, ನೀರಿನ ನೋಟವಿದೆ. ಅಲ್ಲೇ ಹುಟ್ಟಿ ಬೆಳೆದವರು ಮಾತ್ರ ಒಬ್ಬರೂ ಇಲ್ಲ. ಎಲ್ಲರೂ ಬಾಡಿಗೆಯವರು. ಅವರಲ್ಲಿ ಹಳಬಳೆಂದರೆ ದರ್ಜಿ ಹೆಂಗಸು, ಅವಳು ಬಂದದ್ದೂ ಮೂರು ವರ್ಷದ ಹಿಂದೆ.

ಅಲ್ಲಿನ ಗೋಡೆಗಳಲ್ಲಿ, ನನ್ನ ತಲೆಗಿಂತ ಎತ್ತರಕ್ಕೆ, ದಪ್ಪನೆಯ ಕಬ್ಬಿಣದ ಬಳೆಗಳಿವೆ. ಹಿಂದೆ ದನ ಕಟ್ಟುತ್ತಿದ್ದರು ಎಂದು ನಮ್ಮವರ ವಿವರಣೆ. ಬಟ್ಟೆ ಹೊಲಿಯಲು ಕೊಡುವ ನೆಪದಲ್ಲಿ ದರ್ಜಿಯನ್ನು ಕೇಳಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಅಷ್ಟೆತ್ತರದ ದನ ಎಲ್ಲಿ ನೋಡಿದೀರಮ್ಮಾ? ಅದು ದೋಣಿ ಕಟ್ಟೋಕೆ. ನಾನು ಮಿಷನ್ನು ಮಾಳಿಗೆ ಮೇಲೆ ಇಟ್ಕೊಂಡಿರೋದು ಏನು, ಗಾಳಿಗಾ?" ಎಂದಳು.

ಸರೋವರಕ್ಕೆ ಬರುವ ನದಿಯನ್ನು ಸೇತುವೆ ಕೆಲಸಕ್ಕಾಗಿ ಮೂರು ವರ್ಷದಿಂದ ಬೇರೆ ಕಡೆ ತಿರುಗಿಸಿದ್ದಾರಂತೆ. ಕೆಳಬೀದಿ ಒಣಗಿರುವುದು ಅದಕ್ಕೇ. ಸೇತುವೆ ಮುಗಿಯುತ್ತ ಬಂದಿದೆ. ಅವಳು ಆಗಲೇ ಬೇರೆ ಮನೆ ಹುಡುಕುತ್ತಿದ್ದಾಳೆ.

ಊಟಕ್ಕೆ ಕೂತಾಗ, ಕೆಳಬೀದಿಗೆ ನೀರು ಬರುತ್ತಿತ್ತಂತಲ್ಲ ಎಂದು ನಮ್ಮವರ ಹತ್ತಿರ ಮಾತು ತೆಗೆದೆ. ಅವರು ತಟ್ಟೆಯಿಂದ ತಲೆಯೆತ್ತದೆ, ಆ ದರ್ಜಿಗೆ ನಾಲಿಗೆ ಉದ್ದ ಎಂದರು. ಯಾರು ಹೇಳಿದರೆಂದು ನಾನು ಹೇಳಿರಲೇ ಇಲ್ಲ.

ಭಾವನ ಮಂಡಿನೋವಿಗೆ ಮೆಟ್ಟಿಲಿಲ್ಲದ ಮನೆ ಬೇಕು, ಒಪ್ಪುತ್ತೇನೆ. ಆದರೆ ನೀರು ಒಳಗೆ ಬಂದ ದಿನ ಅವರನ್ನು ಎತ್ತಿಕೊಂಡು ನೀನು ಎಲ್ಲಿಗೆ ಓಡುತ್ತೀಯ? ಈಗಿರುವ ಮನೆಯನ್ನು ಮಾರಬೇಡ. ನಮ್ಮವರು ಕಾರಣ ಕೇಳಿದರೆ ಭಾವನಿಗೆ ಮನಸ್ಸಿಲ್ಲ ಅನ್ನು. ನನ್ನ ಹೆಸರು ಎತ್ತಬೇಡ.

ನಿನ್ನ
ತಂಗಿ

ಇಷ್ಟು ಬರೆದು ಮಡಿಸಿದ ಮೇಲೆ ಸೇರಿಸುತ್ತಿದ್ದೇನೆ: ಕೆಳಬೀದಿಯ ಆ ಮನೆಯ ಒಡೆಯರು ದೂರದಲ್ಲೆಲ್ಲೋ ಇದ್ದಾರೆ ಎಂದು ನಮ್ಮವರು ನಿಮಗೆ ಹೇಳಿದ್ದಾರೆ. ಒಡತಿ ನಾನೇ ಅಕ್ಕ. ಹೋದ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ನನ್ನ ಹೆಸರಿಗೆ ಕೊಂಡರು; ನಿನಗೆ ತಿಳಿಸಬೇಡ ಎಂದರು, ನಾನೂ ಸುಮ್ಮನಿದ್ದೆ. ನೀವು ಬೇಡವೆಂದರೆ ಅವರು ಇನ್ನೊಬ್ಬರನ್ನು ಹುಡುಕುತ್ತಾರೆ. ಯಾರೇ ಬರಲಿ, ನಾನು ಸಹಿ ಹಾಕುವುದಿಲ್ಲ. ಇದನ್ನು ಅವರಿಗಿನ್ನೂ ಹೇಳಿಲ್ಲ.