ಚಿಪ್ಪುಹಂದಿ ಆಟಕ್ಕೆ ಒಂದು ಸಾಲು

ದರೋಜಿ ಗುಡ್ಡಸಾಲು
ಫೆಬ್ರುವರಿ ಮೂವತ್ತು, ೨೨೮೭

ರಟ್ಟಿನಲ್ಲಿ ಕಾಡುಪ್ರಾಣಿ ಮಾಡುವ ಪುಸ್ತಕ ಬರೆದ ಮಹನೀಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಹೆಸರಿದ್ದ ಪುಟವನ್ನು ಗೆದ್ದಲು ತಿಂದಿದೆ. ಅದೊಂದು ಮಾತ್ರ ನಮ್ಮಲ್ಲಿ ಹೇರಳವಾಗಿ ಉಳಿದಿದೆ.

ನಾನು ಇಲ್ಲಿನ ಶಾಲೆಯಲ್ಲಿ ನೆನಪುಪ್ರಾಣಿಗಳ ಪಾಠ ಮಾಡುವವಳು. ಕಣ್ಣಾರೆ ಕಂಡವರು ಯಾರೂ ಬದುಕಿಲ್ಲದ ಪ್ರಾಣಿಗಳಿಗೆ ನಾವು ಹಾಗೆನ್ನುತ್ತೇವೆ. ಬಿಸಿಲು ಇಳಿದ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಒಂದು ತಾಸಿಗೆ ನೆರಳುಗಂಟೆ ಎಂದು ಹೆಸರು. ಅಲ್ಲಿಯವರೆಗೆ ನಿಮ್ಮ ಪುಸ್ತಕ ಹಿಡಿದು ಕೂರುತ್ತೇವೆ. ರಟ್ಟಿನ ಕರಡಿಗೆ ತೆಂಗಿನ ನಾರು ಅಂಟಿಸುತ್ತೇವೆ, ಮುಳ್ಳುಹಂದಿಗೆ ಪೊರಕೆಯ ಹಂಚಿಕಡ್ಡಿ ಚುಚ್ಚುತ್ತೇವೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ನಿಮ್ಮ ಚಿಪ್ಪುಹಂದಿ ಆಟ. ಒಬ್ಬರು ಬೆನ್ನಿಗೆ ರಟ್ಟಿನ ಚಿಪ್ಪು ಕಟ್ಟಿಕೊಂಡು ಮುದುಡಿ ಉಂಡೆಯಾಗಬೇಕು, ಉಳಿದವರು ಗೆರೆಯವರೆಗೆ ಉರುಳಿಸಬೇಕು. ಅಲ್ಲಿಯವರೆಗೆ ಬಿಚ್ಚಿಕೊಳ್ಳದಿದ್ದರೆ ಮುದುಡಿದವರದೇ ಗೆಲುವು. ಹದಿನೆಂಟು ವರ್ಷ ಇದನ್ನು ಆಡಿಸಿದ್ದೇನೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೊನ್ನೆ ನೆರಳುಗಂಟೆಯಲ್ಲಿ, ಬಂಡೆಯ ಸಂದಿನಲ್ಲಿ, ಮಕ್ಕಳಿಗೆ ನಿಜವಾದ ಚಿಪ್ಪುಹಂದಿ ಸಿಕ್ಕಿತು. ನೂರು ವರ್ಷದಿಂದ ಯಾರೂ ಕಾಣದ ಜೀವ. ಅವರನ್ನು ಕಂಡಿದ್ದೇ ಅದು ಮುದುಡಿತು. ಮಕ್ಕಳಿಗೆ ಆನಂದವೋ ಆನಂದ. ಆಟ ಗೊತ್ತಿತ್ತಲ್ಲ! ನನಗೆ ತೋರಿಸಲೆಂದು ಗುಡ್ಡದಿಂದ ಶಾಲೆಯ ಬಾಗಿಲವರೆಗೆ ಸರದಿಯ ಮೇಲೆ ಉರುಳಿಸಿಕೊಂಡು ಬಂದರು. ಯಾರೂ ಒದೆಯಲಿಲ್ಲ, ಕಲ್ಲು ಎಸೆಯಲಿಲ್ಲ. ಪ್ರೀತಿಯಿಂದಲೇ ಉರುಳಿಸಿದರು.

ಒಂಬತ್ತು ವರ್ಷದ ಹೊನ್ನೂರಬಿ ಏದುಸಿರು ಬಿಡುತ್ತಾ, “ಅಕ್ಕೋರೆ, ಒಂದ್ಸಲಾನೂ ಬಿಚ್ಚಲಿಲ್ಲ ನೋಡ್ರಿ. ಅದೇ ಗೆದ್ದೈತಿ!” ಎಂದಳು.

ಮುಟ್ಟಿ ನೋಡಿದೆ. ಸತ್ತು ಬಹಳ ಹೊತ್ತಾಗಿತ್ತು. ಹೌದು, ಗೆದ್ದಿದೆ ಎಂದು ಹೇಳಿ ಅವರನ್ನು ಮನೆಗೆ ಕಳಿಸಿದೆ. ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನೀವಿಲ್ಲದಿದ್ದರೆ ಈ ಮಕ್ಕಳಿಗೆ ಅದರ ಹೆಸರೂ ಗೊತ್ತಿರುತ್ತಿರಲಿಲ್ಲ. ಚಿಪ್ಪು ಕತ್ತರಿಸುವ ಬಗೆಯನ್ನು ಆರು ಚಿತ್ರ ಹಾಕಿ ತಿಳಿಸಿದ್ದೀರಿ. ಅದು ಯಾಕೆ ಮುದುಡುತ್ತದೆ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಈ ಕಾಗದ ಹಿಂದಕ್ಕೆ ನಿಮ್ಮ ಕಾಲವನ್ನು ಮುಟ್ಟುವ ಹೊತ್ತಿಗೆ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ ಒಂದು ಸಾಲು ಸೇರಿಸಿ: ಅದು ಹೆದರಿ ಮುದುಡುತ್ತದೆ, ಕಂಡರೆ ಮುಟ್ಟದೆ ಹಿಂದಕ್ಕೆ ಬನ್ನಿ.

ಹಾಗಾದರೆ ನನ್ನ ಮಕ್ಕಳು ಮೊನ್ನೆಯ ಆ ನೆರಳುಗಂಟೆಯಿಂದ ಬರಿಗೈಯಲ್ಲಿ ಬರುತ್ತಾರೆ. ಜನ್ಮದಲ್ಲಿ ಒಂದು ಸಲವೂ ನಾನು ಅದನ್ನು ನೋಡದಿದ್ದರೂ ಸರಿ.

ಇಂತಿ,
ಗಾದಿಲಿಂಗಮ್ಮ