ಖಾಲಿ ಶೀಟು ತೋರಿಸಿದವರಿಗೆ ಮಾತ್ರ

ನಗರದ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ತೀರಿಹೋದ ನನ್ನ ಸೋದರತ್ತೆ ನಿಮ್ಮ ಇಲಾಖೆಯನ್ನು ವಂಚಿಸಿದ್ದಾರೆ ಎಂದು ನೀವು ಬರೆದಿದ್ದೀರಿ. ಅವರು ಬದುಕಿದ್ದರೆ ಇದನ್ನು ಕೇಳಿ ಹೆಮ್ಮೆ ಪಡುತ್ತಿದ್ದರೋ ಏನೋ. ಜೀವಮಾನದಲ್ಲಿ ಯಾರಿಗೂ ಒಂದು ಹಿಡಿ ಸೊಪ್ಪಿನ ಮೋಸ ಮಾಡಲು ಬಾರದ ಹೆಂಗಸು, ಎಂಬತ್ತರ ಹೊಸ್ತಿಲಲ್ಲಿ ನಿಂತು ಒಂದು ಇಡೀ ಇಲಾಖೆಗೆ ಟೋಪಿ ಹಾಕಿದರು ಎಂದರೆ ಅದೇನು ಸಣ್ಣ ಸಾಧನೆಯೇ? ಆದರೆ ಅವರಿಲ್ಲ. ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಮ್ಮ ಕಚೇರಿಗೆ ಲಕೋಟೆಯಲ್ಲಿ ಹಾಕಿ ಕಳಿಸಿದ ಎರಡು ಪತ್ರಗಳಿಗೆ ಎಂಥ ಮರುಪತ್ರ ಬಂತೆಂದು ನೋಡಿದ್ದೇನೆ. ಮೂರನೆಯದನ್ನು ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೆ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಒಗ್ಗದ ಒಬ್ಬ ಮುದುಕಿಯನ್ನು ನಿಮ್ಮ ಆರೋಗ್ಯ ಕೇಂದ್ರ ಬೈದು ಬೈದು ಸುಳ್ಳು ಹೇಳುವಂತೆ ಮಾಡಿತು. ಆಮೇಲೆ ಆ ಸುಳ್ಳನ್ನು ನಂಬಿಕೊಂಡು ನೆಮ್ಮದಿಯಾಗಿ ಕೂತಿತು. ಆ ನೆಮ್ಮದಿಯ ಮರೆಯಲ್ಲಿ ಅವರ ಮೈಯ ರಕ್ತ ಸೋರಿಹೋಯಿತು.

ನನ್ನ ಅತ್ತೆ ದರ್ಜಿ ಅಂಗಡಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿಕೊಡುತ್ತಿದ್ದರು. ಕಾಜಾ ಅಂದರೆ ಅಂಗಿಯಲ್ಲಿ ಗುಂಡಿ ತೂರುವ ಸೀಳು. ಅದರ ಅಂಚಿಗೆ ಕೈಯಲ್ಲೇ ದಾರ ಸುತ್ತಿ ಹೊಲಿಯುವುದು ಅವರ ಕೆಲಸ. ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆಳಕು ಹೋಗುವವರೆಗೆ ಏಳುತ್ತಿರಲಿಲ್ಲ. ಮದುವೆಯಾಗಲಿಲ್ಲ. ತಾಯಿಯಿಲ್ಲದ ನನ್ನನ್ನು ಆ ಸೂಜಿಯಿಂದಲೇ ಸಾಕಿದರು. ವಯಸ್ಸಾದ ಮೇಲೆ ಬೆರಳ ಗಿಣ್ಣುಗಳು ಊದಿಕೊಂಡವು. ನಿಮ್ಮ ಕೇಂದ್ರದವರು ನೋವಿನ ಮಾತ್ರೆ ಕೊಟ್ಟರು. ನೋವು ಇಳಿಯುತ್ತಿತ್ತು, ಸೂಜಿ ಹಿಡಿಯಲು ಆಗುತ್ತಿತ್ತು. ಅವರಿಗೆ ಬೇಕಾಗಿದ್ದೂ ಅಷ್ಟೆ.

ಎರಡು ವರ್ಷದ ಹಿಂದೆ ಅತ್ತೆ ಬಿಳಿಚಿಕೊಂಡರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, "ಗೋಡೆ ಬಣ್ಣ ನೋಡ್ತಿದೀನಿ ಕಣೇ" ಎನ್ನುತ್ತಿದ್ದರು. ಆ ಗೋಡೆಗೆ ಬಣ್ಣ ಹೊಡೆದು ಯಾವ ಕಾಲವಾಯಿತೋ. ನಿಮ್ಮ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿ ರಕ್ತಹೀನತೆ ಎಂದರು, ಕಬ್ಬಿಣದ ಮಾತ್ರೆ ಕೊಟ್ಟರು. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಹೆರಿಗೆ, ಮುಟ್ಟು ಯಾವುದೂ ಇಲ್ಲದ ಮುದುಕಿಯ ಮೈಯಲ್ಲಿ ರಕ್ತ ಕಡಿಮೆಯಾಗಿದೆ ಅಂದರೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕುವುದು ಯಾರ ಕೆಲಸ? ತೊಟ್ಟಿಯ ನೀರು ಇಳಿದರೆ ನಮ್ಮ ವಠಾರದವರು ಮೊದಲು ಸೋರುವ ಜಾಗ ನೋಡುತ್ತಾರೆ. ನೀವು ಮೇಲಿನಿಂದ ಬಿಂದಿಗೆ ಬಿಂದಿಗೆ ಸುರಿದಿರಿ.

ಆ ಮಾತ್ರೆ ಅವರಿಗೆ ಒಗ್ಗಲಿಲ್ಲ. ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸುತ್ತಿತ್ತು, ಎದೆ ಉರಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ. ಪಾಯಿಖಾನೆಯಿಂದ ಗೋಡೆ ಹಿಡಿದುಕೊಂಡು ಬಂದು ಮಂಚದ ಮೇಲೆ ಕುಸಿದು ಕೂತು ಒಂದು ದಿನ ಹೇಳಿದರು: "ಹೆರದೇ ಇದ್ದವಳಿಗೆ ಈ ವಯಸ್ಸಲ್ಲಿ ಹೆರಿಗೆ ನೋವು ತೋರಿಸಿದ್ರಲ್ಲೇ, ಪುಣ್ಯಾತ್ಮರು." ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಮಲಗಿದರು.

ಹೀಗಾಗುವುದು ಹೊಸದೇನಲ್ಲ. ಆಮೇಲೆ ದೊಡ್ಡಾಸ್ಪತ್ರೆಯ ವೈದ್ಯರು ನನಗೆ ಹೇಳಿದ್ದು ಇದು: ತುಂಬಾ ಜನಕ್ಕೆ ಹೀಗಾಗುತ್ತದೆ, ಅದಕ್ಕೆ ದಾರಿಗಳೂ ಇವೆ. ದಿನ ಬಿಟ್ಟು ದಿನ ಕೊಡಬಹುದು. ಪ್ರಮಾಣ ಇಳಿಸಬಹುದು. ಊಟದ ಜೊತೆ ಕೊಟ್ಟು ನೋಡಬಹುದು, ಬೇರೆ ಬಗೆಯ ಮಾತ್ರೆಯನ್ನೋ ದ್ರಾವಣವನ್ನೋ ಕೊಡಬಹುದು. ಯಾವುದೂ ಆಗದಿದ್ದರೆ ನರಕ್ಕೆ ಡ್ರಿಪ್ ಹಾಕಿ ಕಬ್ಬಿಣ ಕೊಡಬಹುದು, ಹೊಟ್ಟೆಯ ತಂಟೆಗೇ ಹೋಗಬೇಕಾಗಿಲ್ಲ. ಇಷ್ಟು ದಾರಿಗಳಿದ್ದರೂ ನಿಮ್ಮ ಕೇಂದ್ರಕ್ಕೆ ಗೊತ್ತಿದ್ದದ್ದು ಒಂದೇ, ಬೈಗುಳ.

ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿ ಬಂದು ಚಪ್ಪಲಿ ಕಚ್ಚುತ್ತದೆ ಎಂದರೆ ಬೇರೆ ಅಳತೆ ತೆಗೆದುಕೊಡುತ್ತೇವೆ. ಕಾಲಿಗೆ ತಿಳಿವಳಿಕೆ ಹೇಳಲು ಕೂರುವುದಿಲ್ಲ. ನಿಮ್ಮಲ್ಲಿ ಅದಕ್ಕೇ ಒಂದು ಕೋಣೆ ಇದೆ. ಬಾಗಿಲ ಮೇಲೆ "ತಿಳಿವಳಿಕೆ ಕೊಠಡಿ" ಎಂದು ಬರೆದಿದೆ. ಹೊಟ್ಟೆಗೆ ಆಗುತ್ತಿಲ್ಲ ಎಂದು ಹೇಳಿದ ತಪ್ಪಿಗೆ ಅತ್ತೆಯನ್ನು ಅಲ್ಲಿಗೆ ಕಳಿಸಿದರು. ಜೊತೆಗೆ ನಾನೂ ಇದ್ದೆ. ಅಲ್ಲಿದ್ದ ಸಲಹೆಗಾರ್ತಿ ತಲೆ ಎತ್ತಲಿಲ್ಲ.

"ಎಷ್ಟು ಮಾತ್ರೆ ಬಿಟ್ಟಿದೀರಿ?"

"ಬಿಟ್ಟಿಲ್ಲಮ್ಮ, ವಾಂತಿ ಆಗುತ್ತೆ. ಬೇರೆ ಏನಾದ್ರೂ..."

"ಬೇರೆ ಅಂದ್ರೆ? ಇದೇನು ಬಟ್ಟೆ ಅಂಗಡೀನಾ, ಇದು ಬೇಡ ಅದು ತೋರಿಸಿ ಅನ್ನೋಕೆ? ಪುಕ್ಕಟೆ ಕೊಟ್ರೆ ಬೆಲೆ ಇರಲ್ಲ ನಿಮಗೆ. ಹೊಟ್ಟೆ ಉರಿದ್ರೆ ಉರೀಲಿ ಅಜ್ಜಿ, ಸಾಯೋದಕ್ಕಿಂತ ಉರಿಯೋದು ವಾಸಿ."

ಹೊರಗೆ ಬಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮ ಅಂಗಡಿ ಯಜಮಾನ ಬೈತಿದ್ದ. ಆದ್ರೆ ಕಾಜಾ ನೋಡಿ ಬೈತಿದ್ದ. ಇವಳು ನನ್ನ ಮುಖಾನೂ ನೋಡಲಿಲ್ಲ" ಎಂದರು.

ಇಷ್ಟಕ್ಕೇ ನಿಂತಿದ್ದರೆ ಅವರು ಬದುಕಿರುತ್ತಿದ್ದರು. ಆದರೆ ಮುಂದಿನ ತಿಂಗಳು ಔಷಧಿ ಕೊಡುವ ಕಿಟಕಿಯ ಮೇಲೆ ನಿಮ್ಮ ಸಹಿಯ ಸೂಚನೆ ಅಂಟಿಸಿದರು: ರಕ್ತದ ಮಾತ್ರೆಯ ಖಾಲಿ ಶೀಟು ತೋರಿಸಿದವರಿಗೆ ಮಾತ್ರ ಉಳಿದ ಮಾತ್ರೆಗಳನ್ನು ನೀಡಲಾಗುವುದು. ಎಂಥ ಬುದ್ಧಿವಂತಿಕೆ. ಶೀಟು ಖಾಲಿಯಾದರೆ ಮಾತ್ರೆ ಹೊಟ್ಟೆಗೆ ಹೋಗಿದೆ ಎಂದು ಅರ್ಥ. ಹೊಟ್ಟೆಗೆ ಹೋದರೆ ರಕ್ತವಾಗಿದೆ ಎಂದು ಅರ್ಥ. ಖಾಲಿ ತಟ್ಟೆ ತೋರಿಸಿ ಊಟ ಮಾಡಿದೆ ಎನ್ನುವ ಮಗುವನ್ನು ಕೂಡ ಯಾವ ತಾಯಿಯೂ ಅಷ್ಟು ಸುಲಭವಾಗಿ ನಂಬುವುದಿಲ್ಲ. ಮಂಚದ ಕೆಳಗೊಮ್ಮೆ ಬಗ್ಗಿ ನೋಡುತ್ತಾಳೆ.

ಬೆರಳು ಮಡಚಲು ಅತ್ತೆಗೆ ನೋವಿನ ಮಾತ್ರೆ ಬೇಕು. ಅದು ಸಿಗಲು ಕಬ್ಬಿಣದ ಮಾತ್ರೆಯ ಖಾಲಿ ಶೀಟು ಬೇಕು. ಕಬ್ಬಿಣ ನುಂಗಿದರೆ ಹೊಟ್ಟೆ ಕೇಳುವುದಿಲ್ಲ. ಇಂಥ ಇಕ್ಕಟ್ಟಿನಲ್ಲಿ ಮನುಷ್ಯರು ಏನು ಮಾಡುತ್ತಾರೋ ಅವರೂ ಅದನ್ನೇ ಮಾಡಿದರು. ದಿನಕ್ಕೊಂದು ಮಾತ್ರೆ ಒತ್ತಿ ತೆಗೆದು ತಮ್ಮ ಗುಂಡಿ ಡಬ್ಬಿಗೆ ಹಾಕಿದರು. ನನಗೂ ಹೇಳಲಿಲ್ಲ. ನಾನು, "ಅತ್ತೆ, ಮಾತ್ರೆ ತಗೊಂಡ್ರಾ?" ಎಂದರೆ, "ಆಯ್ತಮ್ಮ, ತಿಳಿವಳಿಕೆ ಬಂದಿದೆ ನನಗೆ" ಎನ್ನುತ್ತಿದ್ದರು. ವಾಂತಿ ನಿಂತಿತ್ತು, ಊಟ ಸೇರುತ್ತಿತ್ತು. ಮಾತ್ರೆ ಒಗ್ಗಿತು ಎಂದು ನಾನು ತಿಳಿದೆ. ತಿಂಗಳಿಗೊಮ್ಮೆ ಅವರು ಖಾಲಿ ಶೀಟು ತೋರಿಸಿ, ನೋವಿನ ಮಾತ್ರೆ ಪಡೆದು, ಕಿಟಕಿಯವರಿಂದ "ಜಾಣ ಅಜ್ಜಿ" ಎನ್ನಿಸಿಕೊಂಡು ಬರುತ್ತಿದ್ದರು.

ಈಗ ಬರುವ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಮರುಪತ್ರಗಳಲ್ಲಿ ಇದರ ಮಾತೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಅತ್ತೆಗೆ ಮಲ ಕಪ್ಪಾಗಿ ಹೋಗತೊಡಗಿತು. ಟಾರಿನಂತೆ ಅಂಟು, ತಡೆಯಲಾಗದ ವಾಸನೆ. ಅವರು ಹೆದರಿದರು. ನಾಚಿಕೆ ಬಿಟ್ಟು ನಿಮ್ಮ ನರ್ಸಮ್ಮನಿಗೆ ಹೇಳಿದರು. ಹಿಂದೆ ನಿಂತ ನನಗೂ ಕೇಳಿಸಿತು.

"ಸಿಸ್ಟರ್, ಕಪ್ಪಗೆ ಹೋಗ್ತಿದೆ."

"ರಕ್ತದ ಮಾತ್ರೆ ತಗೊಂಡ್ರೆ ಹಾಗೇ ಅಜ್ಜಿ. ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ಸಂತೋಷಪಡಿ."

ಅತ್ತೆ ಸಂತೋಷಪಟ್ಟರು. ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. ಮಾತ್ರೆ ನುಂಗಿದವರ ಮಲ ಕಪ್ಪಾಗುತ್ತದಂತೆ. ನುಂಗದ ತಮ್ಮದೂ ಕಪ್ಪಾಗಿದೆ. ಹಾಗಾದರೆ ತಮ್ಮ ಗುಟ್ಟು ಇನ್ನು ರಟ್ಟಾಗುವುದಿಲ್ಲ. ಅವರು ತಿಳಿದದ್ದು ಅಷ್ಟೇ. ನುಂಗದ ಮಾತ್ರೆ ಕಪ್ಪು ಬಣ್ಣ ಕೊಡುವುದಾದರೂ ಹೇಗೆ ಎಂದು ಅವರು ಯೋಚಿಸಲಿಲ್ಲ. ಯೋಚಿಸಬೇಕಾಗಿದ್ದವರು ಯಾರು? ಪ್ರಶ್ನೆ ಕೇಳುವುದಕ್ಕೇ ಸಂಬಳ ಪಡೆಯುವವರು ಖಾಲಿ ಶೀಟು ನೋಡಿ ಸುಮ್ಮನಾದರು. ಅದು ಕಬ್ಬಿಣದ ಕಪ್ಪಲ್ಲ, ರಕ್ತದ ಕಪ್ಪು. ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತ ಜಿನುಗುತ್ತಿತ್ತು. ನಿಮ್ಮ ಕಿಟಕಿಯ ಒಂದು ಕೈ ರಕ್ತ ಬಸಿಯುವ ಮಾತ್ರೆ ಕೊಡುತ್ತಿತ್ತು, ಇನ್ನೊಂದು ಕೈ ರಕ್ತ ತುಂಬುವ ಮಾತ್ರೆ ಕೊಡುತ್ತಿತ್ತು. ಒಂದರ ಸುದ್ದಿ ಇನ್ನೊಂದಕ್ಕೆ ಇರಲಿಲ್ಲ.

ಒಂದು ಬೆಳಿಗ್ಗೆ ಅವರು ಸೂಜಿಗೆ ದಾರ ಪೋಣಿಸುತ್ತಲೇ ಪಕ್ಕಕ್ಕೆ ವಾಲಿದರು. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ರಕ್ತ ಕೊಟ್ಟರು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತು ಕೇಳಿದರು: "ಅಜ್ಜಿ, ಕಬ್ಬಿಣದ ಮಾತ್ರೆ ನುಂಗೋಕೆ ಆಗ್ತಿತ್ತಾ?"

"ನೀವು ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯಲ್ಲ. ನನಗೂ ಆಗಲ್ಲ ಆ ಮಾತ್ರೆ."

ಅತ್ತೆ ನನ್ನ ಕಡೆ ತಿರುಗಿ, "ಗುಂಡಿ ಡಬ್ಬೀಲಿ ನೋಡು, ಎಲ್ಲಾ ಅಲ್ಲೇ ಇವೆ. ಒಂದನ್ನೂ ಹಾಳು ಮಾಡಿಲ್ಲ, ವಾಪಸ್ ಕೊಟ್ಟುಬಿಡು" ಎಂದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಇದನ್ನ ಯಾರಾದರೂ ಬೇಸಿಗೇಲೇ ಕೇಳಿದ್ರೆ..." ಎಂದರು. ಬಾಯಿಂದ ಕೊಳವೆ ಬಿಟ್ಟು ಹುಣ್ಣು ನೋಡುವುದೆಂದು ನಿಗದಿಯಾಗಿತ್ತು. ಅದಕ್ಕೆ ಮೊದಲೇ ಮತ್ತೆ ರಕ್ತಸ್ರಾವವಾಯಿತು. ಅವರ ಹೃದಯ ಅಷ್ಟನ್ನು ತಾಳಲಿಲ್ಲ.

ನಾನು ನಿಮಗೆ ಬರೆದೆ. ಮೃತರು ಚಿಕಿತ್ಸೆಯನ್ನು ಪೂರ್ಣಗೊಳಿಸಿರುವುದು ಖಾಲಿ ಶೀಟುಗಳಿಂದ ದೃಢಪಟ್ಟಿದೆ, ಇಲಾಖೆಯ ಲೋಪವಿಲ್ಲ ಎಂದಿರಿ. ಗುಂಡಿ ಡಬ್ಬಿಯ ವಿಷಯ ಬರೆದೆ. ಮೃತರು ಮಾತ್ರೆ ಸೇವಿಸದೆ ಇಲಾಖೆಯನ್ನು ವಂಚಿಸಿದ್ದಾರೆ, ಇಲಾಖೆಯ ಲೋಪವಿಲ್ಲ ಎಂದಿರಿ. ಮಾತ್ರೆ ನುಂಗಿದರೂ ನಿಮ್ಮ ಲೋಪವಿಲ್ಲ, ನುಂಗದಿದ್ದರೂ ನಿಮ್ಮ ಲೋಪವಿಲ್ಲ. ಅಳಿಯ ಅಲ್ಲ, ಮಗಳ ಗಂಡ ಎನ್ನುವುದು ಇದಕ್ಕೇ. ಇಷ್ಟಾದರೂ ನಿಮ್ಮ ಕೇಂದ್ರದ ಗೋಡೆಯ ಮೇಲೆ ನೂರಕ್ಕೆ ತೊಂಬತ್ತಾರು ಹಿರಿಯರು ಕಬ್ಬಿಣದ ಚಿಕಿತ್ಸೆ ಪೂರೈಸಿದ್ದಾರೆ ಎಂಬ ಫಲಕ ಇನ್ನೂ ಹೊಳೆಯುತ್ತಿದೆ. ವಂಚಕಿಯಾದ ನನ್ನ ಅತ್ತೆಯನ್ನು ಅದರಿಂದ ಕಳೆದಿರೋ, ಅಥವಾ ಫಲಕದ ಮಟ್ಟಿಗೆ ಅವರು ಇನ್ನೂ ಜಾಣ ಅಜ್ಜಿಯೋ?

ಈಗ ನನ್ನ ಮೇಲೆ ಬಂದಿರುವ ದೂರಿನ ವಿಷಯ. ಮಂಗಳವಾರ ನಮ್ಮ ಅಂಗಡಿಗೆ ರಜೆ. ಅಂದು ನಾನು ನಿಮ್ಮ ಕೇಂದ್ರದ ಬೆಂಚಿನ ಮೇಲೆ ಹೋಗಿ ಕೂರುತ್ತೇನೆ, ನಿಜ. ಮನೆಯಲ್ಲಿ ಕಿಟಕಿ ಪಕ್ಕದ ಜಾಗ ನೋಡುತ್ತಾ ಕೂರಲಾಗದೆ ಬಂದೆ. ಕೂತವಳು ಪಕ್ಕದವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಮೊದಲ ಸಲ ಕೇಳಿದ್ದು ಒಬ್ಬ ನಿವೃತ್ತ ಲಾರಿ ಚಾಲಕರನ್ನು.

"ಯಜಮಾನ್ರೇ, ರಕ್ತದ ಮಾತ್ರೆ ನುಂಗೋಕೆ ಆಗುತ್ತಾ?"

ಅವರು ಅತ್ತ ಇತ್ತ ನೋಡಿದರು. "ನೀವು ಒಳಗಿನವರಾ?"

"ಅಲ್ಲ, ಚಪ್ಪಲಿ ಅಂಗಡಿಯವಳು."

"ಹಾಗಾದ್ರೆ ಹೇಳ್ತೀನಿ. ನುಂಗಲ್ಲ. ಬಚ್ಚಲಿಗೆ ಹಾಕ್ತೀನಿ. ನಮ್ಮ ಬಚ್ಚಲಿಗೆ ರಕ್ತಹೀನತೆ ಇಲ್ಲ ಬಿಡಿ."

ಬೆಂಚಿಗೆ ಬೆಂಚೇ ನಕ್ಕಿತು. ನಕ್ಕವರೆಲ್ಲ ಒಬ್ಬೊಬ್ಬರಾಗಿ ತಂತಮ್ಮ ಡಬ್ಬಿ, ಮಡಕೆ, ಚರಂಡಿಯ ಕಥೆ ಹೇಳಿದರು. ನಿಮ್ಮ ತೊಂಬತ್ತಾರು ಅಲ್ಲಿ ಕೂತಿತ್ತು, ಸಾಹೇಬರೇ. ಹೋದ ತಿಂಗಳು ಒಬ್ಬ ಹೆಂಗಸು ಮಾತ್ರೆ ಬಿಟ್ಟು ಬಹಳ ದಿನವಾಯಿತು ಎಂದರು. ಮಲ ಕಪ್ಪಗೆ ಹೋಗುತ್ತದಾ ಎಂದು ಕೇಳಿದೆ. "ಹೋಗುತ್ತೆ, ಟಾರ್ ಥರ. ಯಾಕಮ್ಮಾ?" ಎಂದರು. ಅವರ ತೋಳು ಹಿಡಿದು ಕ್ಯೂ ದಾಟಿ ವೈದ್ಯರ ಕೋಣೆಗೆ ನುಗ್ಗಿದೆ. ನಿಮ್ಮ ಕಾವಲುಗಾರ ನನ್ನ ಸೆರಗು ಎಳೆದದ್ದೂ ನಿಜ, ನಾನು ಅವನ ಕೈ ಕೊಡವಿದ್ದೂ ನಿಜ. ವೈದ್ಯರು ಆಕೆಯನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಆಮೇಲೆ ಏನಾಯಿತೋ ನನಗೆ ತಿಳಿಯದು. ಪ್ರತಿ ವಾರ ಬಾಗಿಲ ಕಡೆ ನೋಡುತ್ತಿರುತ್ತೇನೆ. ಚಿಕಿತ್ಸೆ ಪಡೆಯದ ಹೊರಗಿನವರು ಬೆಂಚಿನ ಮೇಲೆ ಕೂರಬಾರದು ಎಂಬ ನಿಮ್ಮ ನೋಟಿಸು ಮಾತ್ರ ತಪ್ಪದೆ ಬಂದಿದೆ.

ಆದ್ದರಿಂದ ನನ್ನ ಬೇಡಿಕೆಯನ್ನು ಬರೆದುಕೊಳ್ಳಿ. ನನ್ನ ಅತ್ತೆಯ ಮೇಲೆ ಹೊರಿಸಿದ ವಂಚನೆಯ ಮಾತನ್ನು ನಿಮ್ಮ ಸಹಿಯಿಂದಲೇ ವಾಪಸ್ ತೆಗೆದುಕೊಳ್ಳಿ. ಕಿಟಕಿಯ ಮೇಲಿನ ಸೂಚನೆಯನ್ನು ಕಿತ್ತುಹಾಕಿ, ಒಬ್ಬರಿಗೆ ಬೇಕಾದ ಮಾತ್ರೆಯನ್ನು ಇನ್ನೊಂದಕ್ಕೆ ಒತ್ತೆ ಇಟ್ಟುಕೊಳ್ಳಬೇಡಿ. ಕಬ್ಬಿಣ ಒಗ್ಗದವರಿಗೆ ಬೇರೆ ದಾರಿಗಳನ್ನು, ಡ್ರಿಪ್ಪನ್ನೂ ಸೇರಿಸಿ, ನಿಮ್ಮ ಕೇಂದ್ರದಲ್ಲೇ ತೆರೆಯಿರಿ. ಮುದುಕರ ರಕ್ತ ಇಳಿದರೆ ಅದು ಎಲ್ಲಿಂದ ಸೋರುತ್ತಿದೆ ಎಂದು ಮೊದಲು ಹುಡುಕಿ.

ಅಲ್ಲಿಯವರೆಗೆ ನಾನು ಬೆಂಚು ಬಿಡುವುದಿಲ್ಲ. ಆದರೆ ನನ್ನನ್ನು ಎಬ್ಬಿಸುವುದು ಬಹಳ ಸುಲಭ, ಅದಕ್ಕೆ ಕಾವಲುಗಾರ ಬೇಕಾಗಿಲ್ಲ. ನಿಮ್ಮವರು ಯಾರಾದರೂ ಹೊರಗೆ ಬಂದು, ನನ್ನ ಪಕ್ಕ ಕೂತು, ಆ ಪ್ರಶ್ನೆಯನ್ನು ನನಗಿಂತ ಮೊದಲು ಕೇಳಲಿ. ಬಂದ ಉತ್ತರಕ್ಕೆ ಬೈಯದೆ ಇರಲಿ. ಅವರಿಗೆ ಜಾಗ ಬಿಟ್ಟು ಅಂದೇ ಎದ್ದು ಹೋಗುತ್ತೇನೆ.

ಇಂತಿ,
ನಿಮ್ಮ ನೋಟಿಸಿನ ಪ್ರಕಾರ ಹೊರಗಿನವಳಾದ,
ಎರಡನೇ ಬೆಂಚಿನ ಹೆಂಗಸು