ಉದ್ಘಾಟನೆಯಾಗಿಬಿಟ್ಟ ತಪ್ಪು ಸಂಖ್ಯೆ

ನಗರಾಡಳಿತದ ಕುಂದುಕೊರತೆ ನಿವಾರಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಫೋನಿನಲ್ಲಿ ಸಿಗುವುದಿಲ್ಲ. ಸಿಗುವುದು ನಾನು. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಊರಿನ ಇಪ್ಪತ್ತಾರು ಕಡೆ ನೀವು ನಿಲ್ಲಿಸಿರುವ ‘ದೂರು ನೀಡಿ, ನಿಶ್ಚಿಂತರಾಗಿ’ ಎಂಬ ಹಳದಿ ಫಲಕಗಳ ಮೇಲಿರುವುದು ನಿಮ್ಮ ಕಚೇರಿಯ ಸಂಖ್ಯೆಯಲ್ಲ, ನನ್ನ ಹೊಲಿಗೆ ಅಂಗಡಿಯದು. ನಿಮ್ಮ ಸಂಖ್ಯೆಯ ಕೊನೆಗೆ 8 ಇದೆ, ನನ್ನದರ ಕೊನೆಗೆ 3. ಫಲಕ ಬರೆದವನ ಕುಂಚ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದೆ. ಇಪ್ಪತ್ತಾರು ಸಲವೂ ಒಂದೇ ಜಾಗದಲ್ಲಿ ನಿಂತಿದೆಯೆಂದರೆ ಅವನ ಶ್ರದ್ಧೆಯನ್ನು ಮೆಚ್ಚಲೇಬೇಕು. ಅಂದಿನಿಂದ ಜನ ದೂರು ನೀಡುತ್ತಿದ್ದಾರೆ, ನಿಶ್ಚಿಂತರಾಗಿರುವವರು ಮಾತ್ರ ನೀವು.

ಗುಂಡಿ ಹೊಲಿಯುವುದರಿಂದ ಆರಂಭಿಸಿ ನಾಲ್ಕು ಯಂತ್ರಗಳ ಅಂಗಡಿ ಕಟ್ಟಿದವಳು ನಾನು. ಅಳತೆ ತೆಗೆಯದೆ ಕತ್ತರಿ ಹಾಕುವ ಅಭ್ಯಾಸ ನನಗಿಲ್ಲ. ಹೀಗಾಗಿ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಿಮ್ಮ ಕರೆಗಳನ್ನೂ ಬರೆದಿಟ್ಟಿದ್ದೇನೆ. ನಲವತ್ತಮೂರು ದಿನ, ಆರುನೂರ ಹದಿನೆಂಟು ಕರೆ. ಇದರಲ್ಲಿ ನೀರು ಬರುತ್ತಿಲ್ಲ ಎಂದವರು ಇನ್ನೂರೊಂದು, ಒಡೆದ ಕೊಳವೆಯ ನೀರು ನಿಲ್ಲುತ್ತಿಲ್ಲ ಎಂದವರು ತೊಂಬತ್ತೇಳು. ಈ ಎರಡು ಗುಂಪಿಗೆ ಪರಸ್ಪರ ಪರಿಚಯ ಮಾಡಿಸಿದರೆ ಸಾಕಲ್ಲವೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಬೀದಿದೀಪಕ್ಕೆ ನೂರ ನಲವತ್ತನಾಲ್ಕು, ಕಸಕ್ಕೆ ಎಂಬತ್ತೆಂಟು. ನಾನು ಯಾವ ಪಕ್ಷದವಳೆಂದು ವಿಚಾರಿಸಿಕೊಂಡವರು ಮೂವತ್ತೊಂದು ಜನ. ಉಳಿದ ಐವತ್ತೇಳು ಮಂದಿಗೆ ದೂರೇನೂ ಇರಲಿಲ್ಲ, ಯಾರಾದರೂ ಎತ್ತುತ್ತಾರೋ ಎಂದು ನೋಡಿದರಂತೆ. ಎತ್ತಿದ್ದಕ್ಕೆ ಗಾಬರಿಯಾಗಿ ಇಟ್ಟುಬಿಟ್ಟರು.

“ಇದು ಟೈಲರ್ ಅಂಗಡಿ ಕಣ್ರೀ” ಎಂದು ಮೊದಲ ವಾರ ಎಲ್ಲರಿಗೂ ಹೇಳಿದೆ. “ಗೊತ್ತು ಬಿಡಮ್ಮ, ಹೀಗೇ ಏನಾದ್ರೂ ಹೇಳಿ ತಪ್ಪಿಸಿಕೊಳ್ತೀರ ಅಂತ,” ಎಂದಳು ಒಬ್ಬ ಹೆಂಗಸು. “ಹೋದ ಸಲ ಊಟಕ್ಕೆ ಹೋಗಿದಾರೆ ಅಂದ್ರಿ, ಈ ಸಲ ಟೈಲರ್ ಅಂತೀರ. ಒಟ್ನಲ್ಲಿ ಕಸ ಎತ್ತಲ್ಲ ಅನ್ನಿ.” ನಿಮ್ಮ ಪಾಪವನ್ನು ನಾನು ಉಂಡೆ.

ನನ್ನ ಅಂಗಡಿಯಲ್ಲಿ ಒಂದು ಬೆಕ್ಕಿದೆ. ಹನ್ನೊಂದರಿಂದ ನಾಲ್ಕರವರೆಗೆ ಮೇಜಿನ ಕಾಗದಗಳ ಮೇಲೆ ಮಲಗಿ, ಯಾರು ಬಂದರೂ ಒಂದು ಕಣ್ಣು ಮಾತ್ರ ತೆರೆಯುವುದರಿಂದ ಅದನ್ನು ನಾವು ‘ಕಾರ್ಯದರ್ಶಿ’ ಎಂದು ಕರೆಯುತ್ತೇವೆ. ಒಂದು ದಿನ ಬೀದಿದೀಪದವರೊಬ್ಬರು ಜೋರು ಮಾಡಿ, “ನಿಮ್ಮ ಹತ್ರ ಮಾತೇನು, ಮೇಲಿನವರಿಗೆ ಕೊಡಿ” ಎಂದರು. ಬೇಸತ್ತು, “ಕಾರ್ಯದರ್ಶಿಗಳು ಫೈಲಿನ ಮೇಲೆ ಮಲಗಿದಾರೆ, ಎಬ್ಬಿಸಿದ್ರೆ ಪರಚ್ತಾರೆ” ಎಂದೆ. ಅವರು ತಕ್ಷಣ ದನಿ ತಗ್ಗಿಸಿ, “ಹೌದಾ, ಪರವಾಗಿಲ್ಲ, ಎದ್ದ ಮೇಲೆ ಹೇಳಿ” ಎಂದು ಇಟ್ಟರು. ಅನುಮಾನವೇ ಬರಲಿಲ್ಲ ಅವರಿಗೆ! ನಿಮ್ಮ ವಿಭಾಗದ ಬಗ್ಗೆ ಜನರಿಗಿರುವ ಕಲ್ಪನೆ ಎಷ್ಟು ಸ್ಪಷ್ಟವಾಗಿದೆ ನೋಡಿ.

ಇಷ್ಟಾದ ಮೇಲೆ ನಿಮ್ಮ ಕಚೇರಿಗೆ ಬಂದೆ. ಮೊದಲ ಮೇಜಿನ ಗುಮಾಸ್ತರು ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿಸಿಕೊಂಡರು.

“ಬೋರ್ಡು ಉದ್ಘಾಟನೆ ಆಗಿದೆಯಲ್ಲಮ್ಮ.”

“ಆಗಿದ್ರೇನು ಸ್ವಾಮಿ, ನಂಬರ್ ತಪ್ಪು.”

“ಉದ್ಘಾಟನೆ ಆಗಿರೋದನ್ನ ತಪ್ಪು ಅನ್ನೋಕಾಗಲ್ಲ. ದೊಡ್ಡವರೆಲ್ಲ ಬಂದು ರಿಬ್ಬನ್ ಕತ್ತರಿಸಿದಾರೆ, ಫೋಟೋ ಇದೆ. ಈಗ ಬಣ್ಣ ಬಳಿದ್ರೆ ಅವರು ತಪ್ಪು ಬೋರ್ಡಿಗೆ ರಿಬ್ಬನ್ ಕತ್ತರಿಸಿದ ಹಾಗಾಗುತ್ತೆ.”

“ಅವರು ಕತ್ತರಿಸಿದ್ದು ಅದೇ ತಾನೇ?”

“ಬೇಕಿದ್ರೆ ದೂರು ಕೊಡಿ.”

“ಎಲ್ಲಿ ಕೊಡ್ಲಿ?”

“ಬೋರ್ಡಲ್ಲಿ ನಂಬರ್ ಇದೆಯಲ್ಲ, ಅದಕ್ಕೆ.”

ಅಂಗಡಿಗೆ ಬಂದು ನನ್ನ ದೂರನ್ನು ನನಗೇ ಕೊಟ್ಟುಕೊಂಡೆ. ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ವಿಭಾಗದ ಪದ್ಧತಿಯಂತೆ ಯಾವ ಕ್ರಮವನ್ನೂ ಕೈಗೊಳ್ಳಲಿಲ್ಲ.

ಮರುವಾರವೇ ನಿಮ್ಮ ವರದಿ ಪತ್ರಿಕೆಯಲ್ಲಿ ಬಂತು. ಫಲಕ ನಿಲ್ಲಿಸಿದ ದಿನದಿಂದ ವಿಭಾಗಕ್ಕೆ ಒಂದೇ ಒಂದು ದೂರೂ ಬಂದಿಲ್ಲವಂತೆ, ನಾಗರಿಕರು ಸಂಪೂರ್ಣ ತೃಪ್ತರಂತೆ! ಆಡಳಿತ ಪಕ್ಷದವರು ಇದು ನಮ್ಮ ಸಾಧನೆ ಎಂದರು. ವಿರೋಧ ಪಕ್ಷದವರು ಸುಮ್ಮನಿದ್ದಾರೆಯೇ? ಜನ ದೂರು ಕೊಡುವ ನಂಬಿಕೆಯನ್ನೇ ಕಳೆದುಕೊಂಡಿದ್ದಾರೆ ಎಂದು ಭಾಷಣ ಮಾಡಿದರು. ಎರಡೂ ಕಡೆಯವರು ಆ ಸಂಖ್ಯೆಗೆ ಒಮ್ಮೆ ಕರೆ ಮಾಡಿ ನೋಡಿದ್ದರೆ, ಜನ ನಂಬಿಕೆಯನ್ನು ಕಳೆದುಕೊಂಡಿಲ್ಲ, ವಿಳಾಸ ತಪ್ಪಿದ್ದಾರೆ ಅಷ್ಟೇ ಎಂದು ನಾನೇ ಹೇಳುತ್ತಿದ್ದೆ.

ಆಮೇಲೆ ಬಂತು ನಿಮ್ಮ ಸಹಿಯ ಪತ್ರ. “ಸಾರ್ವಜನಿಕ ಹಿತದೃಷ್ಟಿಯಿಂದ ತಾವು ತಮ್ಮ ದೂರವಾಣಿ ಸಂಖ್ಯೆಯನ್ನು ಹದಿನೈದು ದಿನಗಳೊಳಗೆ ಬದಲಿಸಿಕೊಳ್ಳತಕ್ಕದ್ದು.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಕೇಳಿದ್ದೆ; ಬರೆ ಹಾಕಿಸಿಕೊಳ್ಳಲು ಎಮ್ಮೆಗೆ ಗಡುವು ಕೊಟ್ಟಿದ್ದನ್ನು ಈಗಲೇ ಕಂಡಿದ್ದು. ಬೇರೆಯವರಾಗಿದ್ದರೆ ಪೀಡೆ ತೊಲಗಲಿ ಎಂದು ಬದಲಿಸಿಕೊಳ್ಳುತ್ತಿದ್ದರೋ ಏನೋ. ನನ್ನಿಂದ ಆಗುವುದಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ನನಗೊಬ್ಬ ಅಣ್ಣ ಇದ್ದಾನೆ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ನನಗೆ ಅಕ್ಷರ ಕಲಿಸಿದ್ದೂ ಸವೆದ ಮೊಳೆಗಳಿಂದಲೇ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸುಮಾರಾಗಿ ತಿರುಗಿ ಬಂದವು, ಮಾತು ಬರಲಿಲ್ಲ. ಅದರಲ್ಲೂ ಒಂದು ಸಂಗತಿ ಉಳಿದುಕೊಂಡಿತ್ತು: ಫೋನು ಮುಂದಿಟ್ಟರೆ ಬೆರಳು ತಾನಾಗಿ ನನ್ನ ಅಂಗಡಿಯ ಸಂಖ್ಯೆ ಒತ್ತುತ್ತಿತ್ತು. ಹೆಂಡತಿಯ ಹೆಸರು ಹೇಳಲಾಗದವನು ಇದನ್ನು ತಪ್ಪುತ್ತಿರಲಿಲ್ಲ. ಮಾತು ಕಲಿಸಲು ಬರುವ ಚಿಕಿತ್ಸಕಿ, “ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಪ್ರತಿದಿನ ಅವರೇ ಮಾಡ್ಲಿ, ನೀವು ಎತ್ತಿ” ಎಂದರು. ಅಂದಿನಿಂದ ಬೆಳಗ್ಗೆ ಹತ್ತಕ್ಕೆ ಅವನ ಕರೆ, ಇಬ್ಬರ ಮುಂದೆಯೂ ಆ ದಿನದ ಪದಬಂಧ. ಸುಳಿವನ್ನು ನಾನು ಓದುತ್ತೇನೆ. ಉತ್ತರ ಅವನಿಗೆ ಗೊತ್ತು, ಬಾಯಿಗೆ ಬರುವುದಿಲ್ಲ. ಆಗ ನಾನು ಬೇಕೆಂದೇ ತಪ್ಪು ಹೇಳುತ್ತೇನೆ.

“ಬಾಗಿಲನ್ನು ಭದ್ರಪಡಿಸುವುದು, ಮೂರಕ್ಷರ. ಕಿಟಕಿ ಅಂತ ಬರ್ಕೊಳ್ಳಲಾ ಅಣ್ಣ?”

ಆ ಕಡೆ ಉಸಿರು ಜೋರಾಗುತ್ತದೆ. “ಅ... ಅಗಳಿ! ಅಗಳಿ ಕಣೇ ದಡ್ಡಿ!”

ಸಿಟ್ಟು ಬಂದರೆ ಅವನಿಗೆ ಮಾತು ಬರುತ್ತದೆ. ಹೀಗೆ ದಡ್ಡಿ ಎನಿಸಿಕೊಂಡು ದಿನಕ್ಕೆ ಮೂರು ನಾಲ್ಕು ಪದಗಳನ್ನು ಅವನ ಬಾಯಿಗೆ ಮರಳಿಸಿದ್ದೇನೆ.

ನಿಮ್ಮ ಫಲಕ ನಿಂತ ಮೇಲೆ ಹತ್ತು ಗಂಟೆಗೆ ನನ್ನ ಫೋನು ಬಿಡುವಾಗಿಲ್ಲ. ಊರಿನ ನಲ್ಲಿಗಳೆಲ್ಲ ಒಣಗುವುದು ಅದೇ ಹೊತ್ತಿಗೆ. ನೀವೇ ಅವನಿಗೆ ಕರೆ ಮಾಡಬಾರದೇ ಎನ್ನುತ್ತೀರಿ. ಮೊಬೈಲಿನಿಂದ ಮಾಡಿದೆ. ಅತ್ತಿಗೆ ಎತ್ತಿ ಅವನ ಕಿವಿಗಿಟ್ಟರೆ, ಒಂದು ಕ್ಷಣ ಕೇಳಿ ದೂಡುತ್ತಾನೆ. ತನ್ನ ಬೆರಳು ಕರೆದಾಗ ಬರುವ ದನಿಯೇ ಅವನಿಗೆ ತಂಗಿ. ತಾನಾಗಿ ಬಂದ ದನಿ ಯಾರದೋ. ಮೊಬೈಲಿನ ಸಂಖ್ಯೆಯನ್ನು ಬರೆದು ಮುಂದಿಟ್ಟೂ ನೋಡಿದೆವು. ಬೆರಳು ಹಳೆಯದನ್ನೇ ಒತ್ತುತ್ತದೆ.

ಹೋದ ಭಾನುವಾರ ಅಂಗಡಿ ಮುಚ್ಚಿ ಅವನ ಮನೆಗೆ ಹೋದೆ. “ದಿನಾ ಹತ್ತು ಗಂಟೆಗೆ ಕೂತು ಹತ್ತು ಹನ್ನೆರಡು ಸಲ ಒತ್ತುತ್ತಾರೆ ನೋಡಮ್ಮ,” ಎಂದರು ಅತ್ತಿಗೆ. “ಕುಯ್ ಕುಯ್ ಅಂತ ಕೇಳಿ ಇಡ್ತಾರೆ. ಪತ್ರಿಕೆ ಮಡಚಿದ್ದು ಮಡಚಿದ ಹಾಗೇ ಇರುತ್ತೆ.” ಪಕ್ಕದಲ್ಲಿ ಕುಳಿತು ಪದಬಂಧ ಬಿಚ್ಚಿದೆ. ಸುಳಿವು ಓದಿದೆ, ತಪ್ಪು ಉತ್ತರ ಹೇಳಿದೆ, ಒಂದಲ್ಲ, ನಾಲ್ಕು. ಸಿಟ್ಟು ಬರಲಿಲ್ಲ. ಗೋಡೆ ನೋಡುತ್ತ ಬಹಳ ಹೊತ್ತು ತಡಕಾಡಿ ಎರಡೇ ಪದ ಹೊರಡಿಸಿದ.

“ನೀನು... ಎತ್ತಲ್ಲ.”

ಫಲಕ ನಿಂತ ದಿನದಿಂದ ಅವನು ಆಡಿದ್ದು ಅಷ್ಟೇ ಎಂದು ಅತ್ತಿಗೆ ಹೇಳಿದರು. ಮಾನ್ಯರೇ, ಆರುನೂರ ಹದಿನೆಂಟು ಕರೆಗಳನ್ನು ಎತ್ತಿದವಳು ನಾನು!

ಆದ್ದರಿಂದ ನನ್ನ ಬೇಡಿಕೆ ಇದು. ನಾನು ಸಂಖ್ಯೆ ಬದಲಿಸುವುದಿಲ್ಲ. ನೀವು ಫಲಕ ತಿದ್ದಿಸಿ. ಮೂರನ್ನು ಎಂಟು ಮಾಡಲು ಎಡಗಡೆ ಎರಡು ಗೀಟು ಸಾಕು. ಇಪ್ಪತ್ತಾರು ಫಲಕಕ್ಕೆ ಐವತ್ತೆರಡು ಗೀಟು. ಬಣ್ಣ ನಿಮ್ಮಲ್ಲಿಲ್ಲದಿದ್ದರೆ ನಾನು ತರುತ್ತೇನೆ, ಏಣಿಯನ್ನೂ ತರುತ್ತೇನೆ. ದೊಡ್ಡವರಿಗೆ ಮುಜುಗರವಾಗುವುದಾದರೆ ಆ ಐವತ್ತೆರಡು ಗೀಟುಗಳಿಗೂ ರಿಬ್ಬನ್ ಕಟ್ಟೋಣ, ಬಂದು ಕತ್ತರಿಸಲಿ. ಕತ್ತರಿ ನನ್ನದೇ.

ಅದೂ ಆಗದೆನ್ನುವುದಾದರೆ, ಒಂದು ದಿನ ಬೆಳಗ್ಗೆ ಹತ್ತಕ್ಕೆ ನೀವೇ ಬಂದು ನನ್ನ ಅಣ್ಣನ ಎದುರು ಕುಳಿತು, ತಂಗಿ ಏಕೆ ಎತ್ತುತ್ತಿಲ್ಲವೆಂದು ಅವನಿಗೆ ವಿವರಿಸಿ. ಉದ್ಘಾಟನೆ, ಪರಿಶೀಲನೆ, ಸಾರ್ವಜನಿಕ ಹಿತದೃಷ್ಟಿ ಮುಂತಾದ ಮಾತುಗಳನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ. ಅವನಿಗೀಗ ಸಣ್ಣ ಪದಗಳು ಮಾತ್ರ ಅರ್ಥವಾಗುತ್ತವೆ.

ಇಂತಿ,
ನೇಮಕಾತಿ ಆದೇಶವಿಲ್ಲದೆಯೇ ನಿಮ್ಮ ಇಡೀ ವಿಭಾಗವಾಗಿರುವ,
ಒಬ್ಬ ದರ್ಜಿ
(ಹತ್ತು ಗಂಟೆಗೆ ದಯವಿಟ್ಟು ಯಾರೂ ಕರೆ ಮಾಡಬೇಡಿ)